ರೈಜನ್ 5 5500 ಅಥವಾ 5600: ಆಟಕ್ಕೆ ಯಾವ ಪ್ರೊಸೆಸರ್ ಕೊಳ್ಳಲಿ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಬಿ450 ಮದರ್‌ಬೋರ್ಡ್, ರೈಜನ್ 3 1200 ಪ್ರೊಸೆಸರ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಹಾಗೂ ಹೊಸದಾಗಿ ಹಾಕಿಸಿದ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಇವೆ. ಮಾನಿಟರ್ 1080ಪಿ, 144 ಹರ್ಟ್ಸ್‌ನದು. ಹೆಚ್ಚಾಗಿ ವ್ಯಾಲರಂಟ್ ಮತ್ತು ಕೌಂಟರ್-ಸ್ಟ್ರೈಕ್ 2, ಆಗೊಮ್ಮೆ ಈಗೊಮ್ಮೆ ಸೈಬರ್‌ಪಂಕ್ 2077 ಆಡುತ್ತೇನೆ. ರೈಜನ್ 5 5500 ಮತ್ತು 5600 ಎರಡರಲ್ಲೂ 6 ಕೋರ್, 12 ಥ್ರೆಡ್ ಇವೆ. ಗರಿಷ್ಠ ವೇಗದಲ್ಲಿ ವ್ಯತ್ಯಾಸ 0.2 ಗಿಗಾಹರ್ಟ್ಸ್ ಮಾತ್ರ. ಅಷ್ಟಕ್ಕಾಗಿ ಹೆಚ್ಚಿನ ಹಣ ಕೊಡಬೇಕೆ?

ಉತ್ತರ: 4.2 ಮತ್ತು 4.4 ಗಿಗಾಹರ್ಟ್ಸ್ ನಡುವಿನ ಅಂತರ ಶೇ 5ರಷ್ಟೂ ಇಲ್ಲ. ಅದೊಂದೇ ಆಗಿದ್ದರೆ ಯೋಚಿಸದೆ 5500 ಕೊಳ್ಳಿ ಎನ್ನುತ್ತಿದ್ದೆ. ಆದರೆ 2022ರ ಏಪ್ರಿಲ್‌ನಲ್ಲಿ ಒಟ್ಟಿಗೇ ಮಾರುಕಟ್ಟೆಗೆ ಬಂದ ಈ ಎರಡು ಪ್ರೊಸೆಸರ್‌ಗಳು, ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ, ಒಳಗೆ ಬೇರೆ ಬೇರೆ ಚಿಪ್‌ಗಳು. 5500 ಎಂಬುದು 5600ಜಿ ಮಾದರಿಯ ಚಿಪ್‌ನಲ್ಲಿರುವ ಗ್ರಾಫಿಕ್ಸ್ ಭಾಗವನ್ನು ನಿಷ್ಕ್ರಿಯಗೊಳಿಸಿ ಮಾಡಿದ್ದು. ಹಾಗಾಗಿ ಅದರಲ್ಲಿರುವ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಪುಟ್ಟ, ಅತಿವೇಗದ ಮೆಮೊರಿ, 16 ಎಂಬಿ. 5600ರಲ್ಲಿ 32 ಎಂಬಿ. ನೀವು ಹೆಚ್ಚಿಗೆ ಕೊಡುವ ಹಣ ಹೋಗುವುದು ಮುಖ್ಯವಾಗಿ ಇದಕ್ಕೆ.

ಆಟಗಳಿಗೆ ಕ್ಯಾಶ್ ಏಕೆ ಇಷ್ಟು ಮುಖ್ಯವೆಂದರೆ, ಪ್ರತಿ ಫ್ರೇಮ್‌ಗೂ (ತೆರೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ) ಪ್ರೊಸೆಸರ್ ಆಟಗಾರರ ಸ್ಥಾನ, ಗುಂಡಿನ ಪಥ, ತೆರೆಯ ಮೇಲೆ ಬಿಡಿಸಬೇಕಾದ ವಸ್ತುಗಳ ಪಟ್ಟಿ ಮುಂತಾದ ಚದುರಿದ ದತ್ತಾಂಶವನ್ನು ಮತ್ತೆ ಮತ್ತೆ ಹುಡುಕಬೇಕಾಗುತ್ತದೆ. ಬೇಕಾದದ್ದು ಎಲ್3 ಕ್ಯಾಶ್‌ನಲ್ಲಿ ಸಿಕ್ಕರೆ ಸುಮಾರು 10 ನ್ಯಾನೊಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ; ಸಿಗದೆ ರ‍್ಯಾಮ್‌ವರೆಗೆ ಹೋಗಬೇಕಾದರೆ 70 ನ್ಯಾನೊಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಅಂದರೆ ನಾಲ್ಕು ಗಿಗಾಹರ್ಟ್ಸ್‌ಗೂ ಮೀರಿದ ವೇಗದಲ್ಲಿ ಓಡುವ ಕೋರ್ ಮುನ್ನೂರರಷ್ಟು ಗಡಿಯಾರ ಬಡಿತಗಳನ್ನು ಬರಿದೇ ಕಾಯುತ್ತಾ ಕಳೆಯುತ್ತದೆ. 144 ಹರ್ಟ್ಸ್ ಮಾನಿಟರ್‌ಗೆ ಪ್ರತಿ ಫ್ರೇಮ್ 6.9 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕಾಗಿರುವುದರಿಂದ ಈ ಕಾಯುವಿಕೆ ಲೆಕ್ಕಕ್ಕೆ ಬರುತ್ತದೆ. ಅದು ಸರಾಸರಿ ಫ್ರೇಮ್ ಸಂಖ್ಯೆಗಿಂತ ಹೆಚ್ಚಾಗಿ, ಒಮ್ಮೆಲೇ ಹೊಗೆ ಬಾಂಬ್ ಸಿಡಿದು ಹತ್ತು ಜನ ಎದುರುಬದುರಾದಾಗ ಆಟ ಕ್ಷಣಕಾಲ ತಡವರಿಸುವುದರಲ್ಲಿ ಕಾಣಿಸಿಕೊಳ್ಳುತ್ತದೆ. ವಿಮರ್ಶೆಗಳನ್ನು ಓದುವಾಗ ಸರಾಸರಿಯನ್ನು ಬಿಟ್ಟು 'ಕನಿಷ್ಠ ಶೇ 1' (ಅತಿ ನಿಧಾನವಾದ ಶೇ 1ರಷ್ಟು ಫ್ರೇಮ್‌ಗಳ ವೇಗ) ಎಂಬ ಅಂಕಿಯನ್ನು ನೋಡುವುದು ಒಳ್ಳೆಯದು.

ನೀವು ಹೆಚ್ಚಾಗಿ ಆಡುವ ವ್ಯಾಲರಂಟ್ ಮತ್ತು ಕೌಂಟರ್-ಸ್ಟ್ರೈಕ್ 2 ಪ್ರೊಸೆಸರ್ ಮೇಲೆ ಹೊರೆ ಹಾಕುವ ಆಟಗಳು. ಇಲ್ಲಿ 5600 ಸ್ಪಷ್ಟವಾಗಿ ಮುಂದಿರುತ್ತದೆ. ಸೈಬರ್‌ಪಂಕ್‌ನಲ್ಲಿ ಚಿತ್ರದ ಗುಣಮಟ್ಟ ಏರಿಸಿದಾಗ ಮೊದಲು ಸೋಲುವುದು ನಿಮ್ಮ ಗ್ರಾಫಿಕ್ಸ್ ಕಾರ್ಡ್ ಆದ್ದರಿಂದ ಎರಡೂ ಪ್ರೊಸೆಸರ್‌ಗಳು ಹೆಚ್ಚುಕಡಿಮೆ ಒಂದೇ ಎನಿಸುತ್ತವೆ.

ಇನ್ನು ಪಿಸಿಐಇ, ಅಂದರೆ ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಸಂಪರ್ಕದ ವಿಚಾರ. 5500 ಪಿಸಿಐಇ 3.0 ಅನ್ನಷ್ಟೇ ಬೆಂಬಲಿಸುತ್ತದೆ, 5600 ಪಿಸಿಐಇ 4.0 ಅನ್ನು ಬೆಂಬಲಿಸುತ್ತದೆ ಎಂಬುದನ್ನು ಹಲವರು ದೊಡ್ಡದು ಮಾಡಿ ಹೇಳುತ್ತಾರೆ. ನಿಮ್ಮ ಮಟ್ಟಿಗೆ ಅದು ಅಪ್ರಸ್ತುತ, ಏಕೆಂದರೆ ಬಿ450 ಬೋರ್ಡ್ ತಾನೇ ಪಿಸಿಐಇ 3.0ಕ್ಕೆ ಸೀಮಿತವಾಗಿದೆ. ಆರ್‌ಎಕ್ಸ್ 6600 ಈ ಸಂಪರ್ಕದ ಎಂಟು ಲೇನ್‌ಗಳನ್ನು (ದತ್ತಾಂಶ ಸಾಗುವ ಪಥಗಳನ್ನು) ಬಳಸುವ, 8 ಜಿಬಿ ಮೆಮೊರಿಯ ಕಾರ್ಡ್ ಆಗಿರುವುದರಿಂದ ನಷ್ಟವೂ ಅಲ್ಪ. ನಾಲ್ಕೇ ಲೇನ್‌ಗಳ, 4 ಜಿಬಿ ಮೆಮೊರಿಯ ಆರ್‌ಎಕ್ಸ್ 6500 ಎಕ್ಸ್‌ಟಿ ನಿಮ್ಮಲ್ಲಿದ್ದು, ಬೋರ್ಡ್ ಪಿಸಿಐಇ 4.0 ಇರುವ ಬಿ550 ಆಗಿದ್ದಿದ್ದರೆ ಇದೇ ಅಂಶ ನಿರ್ಣಾಯಕವಾಗುತ್ತಿತ್ತು.

ಆದ್ದರಿಂದ 5600 ಕೊಳ್ಳಿ. ಆದರೆ ರ‍್ಯಾಮ್‌ನ ಹಣವನ್ನು ಅದಕ್ಕೆ ಸುರಿಯಬೇಡಿ. ಪ್ರಶ್ನೆಯಲ್ಲಿ ನೀವು ಹಗುರವಾಗಿ ಹೇಳಿಹೋದ 'ಒಂದೇ ಒಂದು ರ‍್ಯಾಮ್' ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಒಂದೇ ರ‍್ಯಾಮ್ ಇದ್ದರೆ ಎರಡು ಮೆಮೊರಿ ಚಾನೆಲ್‌ಗಳಲ್ಲಿ ಒಂದು ಖಾಲಿ ಉಳಿದು, ದತ್ತಾಂಶ ಸಾಗುವ ದಾರಿ ಅರ್ಧಕ್ಕೆ ಕುಗ್ಗುತ್ತದೆ. ಮೇಲಾಗಿ 8 ಜಿಬಿ ಇಂದಿನ ಆಟಗಳಿಗೆ ಸಾಲದು. ಎರಡಕ್ಕೂ ಹಣ ಸಾಲದಿದ್ದರೆ 5500 ಜೊತೆಗೆ 8 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್ ಹಾಕಿಸುವುದು, 5600 ಕೊಂಡು ಹಳೆಯ ಒಂಟಿ ರ‍್ಯಾಮ್‌ನಲ್ಲೇ ಉಳಿಯುವುದಕ್ಕಿಂತ ಮೇಲು. ಹೊಸ ರ‍್ಯಾಮ್ ಹಾಕಿದ ಮೇಲೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶದಲ್ಲಿ) ಮೆಮೊರಿಯನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಸಕ್ರಿಯಗೊಳಿಸಬೇಕು, ಇಲ್ಲವಾದರೆ 3200ರ ರ‍್ಯಾಮ್ ಸದ್ದಿಲ್ಲದೆ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಕಡಿಮೆ ಕ್ಯಾಶ್‌ನ 5500 ಪದೇ ಪದೇ ರ‍್ಯಾಮ್ ಕಡೆಗೆ ಹೋಗುವುದರಿಂದ, ಅದನ್ನು ಆರಿಸಿದವರು ಇದನ್ನು ಮರೆಯಲೇಬಾರದು.

ಯಾವುದನ್ನೇ ಕೊಂಡರೂ ಹಳೆಯ ರೈಜನ್ 3 1200 ಅನ್ನು ಬಿಚ್ಚುವ ಮೊದಲೇ, ಮದರ್‌ಬೋರ್ಡ್ ತಯಾರಕರ ಬೆಂಬಲ ಪಟ್ಟಿಯಲ್ಲಿ ನಿಮ್ಮ ಬೋರ್ಡ್‌ನ ನಿಖರ ಹೆಸರಿನ ಕೆಳಗೆ ಹೊಸ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿ ಬೇಕೆಂದು ನೋಡಿ, ಅದನ್ನು ಅಳವಡಿಸಿಕೊಳ್ಳಿ. ಹಳೆಯ ಬಯೋಸ್ ಇರುವ ಬಿ450 ಬೋರ್ಡ್ ಈ ಪ್ರೊಸೆಸರ್‌ಗಳನ್ನು ಗುರುತಿಸುವುದಿಲ್ಲ. ಫ್ಯಾನ್ ತಿರುಗಿದರೂ ತೆರೆ ಕಪ್ಪಾಗಿಯೇ ಇರುತ್ತದೆ, ಜನ ಪ್ರೊಸೆಸರೇ ಕೆಟ್ಟಿದೆ ಎಂದು ಹಿಂತಿರುಗಿಸಲು ಹೊರಡುತ್ತಾರೆ.