ಬಾಡಿಗೆ ಮನೆಯನ್ನು ಕಾಲಕ್ಕೆ ತಕ್ಕಂತೆ ಅಲಂಕರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಚಿಕ್ಕಬಳ್ಳಾಪುರಕ್ಕೆ ಹೊಸದಾಗಿ ಬಂದಿದ್ದೀರಿ, 2 ಬಿಎಚ್‌ಕೆ ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಓನರ್ ಹೇಳಿದ್ದಾರೆ. ಮೊಬೈಲ್‌ನಲ್ಲಿ ಕಾಣುವ ಸೀಸನ್‌ಗೊಂದು ಅಲಂಕಾರ ನಿಮಗೆ ಇಷ್ಟ. ಜಾಸ್ತಿ ಖರ್ಚಿಲ್ಲದೆ ಅದನ್ನು ಇಲ್ಲಿ ಹೇಗೆ ಮಾಡೋದು?

ನಾನು ಇದೇ ಜಿಲ್ಲೆಯವಳು. ತವರು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ಈಗ ಇರುವುದು ಚಿಕ್ಕಬಳ್ಳಾಪುರದಲ್ಲಿ. ಮದುವೆಯಾದ ಮೇಲೆ ನಾಲ್ಕು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಒಂದರಲ್ಲೂ ಮೊಳೆ ಹೊಡೆಯುವಂತಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿದ ತಕ್ಷಣ ಬರೆಯಬೇಕು ಅನಿಸಿತು.

ಮೊದಲು ಆ ಮೊಬೈಲ್ ಫೋಟೋಗಳ ವಿಷಯ. ಅವುಗಳಲ್ಲಿ ಅಕ್ಟೋಬರ್ ಬಂತು ಅಂದರೆ ಕೆಂಪಾದ ಎಲೆ, ದಪ್ಪ ಕುಂಬಳಕಾಯಿ, ಸೋಫಾ ಮೇಲೆ ಉಣ್ಣೆ ಹೊದಿಕೆ. ಆ ಫೋಟೋ ಹಾಕುವ ವಿದೇಶದವರ ಊರಿನಲ್ಲಿ ಅದು ಎಲೆ ಉದುರುವ ಕಾಲ, ಅವರಿಗೆ ಚೆಂದ. ನಮ್ಮಲ್ಲಿ ಅದೇ ಅಕ್ಟೋಬರ್‌ನಲ್ಲಿ ಇನ್ನೂ ಮಳೆ ಇರುತ್ತದೆ, ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ. ನಮ್ಮ ಮರಗಳು ಬಣ್ಣ ಬದಲಾಯಿಸುವುದು ಯುಗಾದಿ ಹತ್ತಿರ ಬಂದಾಗ. ರಸ್ತೆ ಬದಿಯ ಹೊಂಗೆ ಮರ ಎಲೆಯೆಲ್ಲ ಉದುರಿಸಿ ಹೊಳೆಯುವ ತಿಳಿಹಸಿರು ಚಿಗುರು ಬಿಟ್ಟಿರುತ್ತದಲ್ಲ, ನಮ್ಮ ಸೀಸನ್ ಅದು. ಮನೆಯೊಳಗೆ ತರಬೇಕಾದ್ದೂ ಅದನ್ನೇ. ಬಾಗಿಲ ಹೊರಗೆ ಏನು ನಡೆಯುತ್ತಿದೆಯೋ ಅದೇ ಒಳಗೂ ಕಂಡರೆ ಮನೆ ತಾನಾಗೇ ಒಪ್ಪುತ್ತದೆ. ಪ್ಲಾಸ್ಟಿಕ್ ಮೇಪಲ್ ಎಲೆಗೆ ದುಡ್ಡು ಹಾಕಬೇಡಿ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಭಾನುವಾರ ಸುಮ್ನೆ ಮನೆಯಲ್ಲಿ ಕೂತು ಬಿಸಿಲು ನೋಡಿ. ಬೆಳಗ್ಗೆ ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ. ಇದು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತದೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಕಾಟ ಕೊಡುವುದು ಪಶ್ಚಿಮದ ಕಿಟಕಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತದೆ, ಅದೇ ದಕ್ಷಿಣದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಒಳಕ್ಕೆ ಚಾಚುತ್ತದೆ. ನಾನು ಕುರ್ಚಿಗಳ ಜಾಗ ಬದಲಾಯಿಸುವುದು ಇದನ್ನು ನೋಡಿಕೊಂಡೇ. ಚಳಿಗಾಲದಲ್ಲಿ ದಕ್ಷಿಣದ ಕಿಟಕಿ ಪಕ್ಕ ಒಂದು ಚಾಪೆ, ಎರಡು ದಿಂಬು. ಬೇಸಿಗೆ ಬಂದರೆ ಅವು ಪೂರ್ವದ ಕಡೆಗೆ ಹೋಗುತ್ತವೆ. ಒಂದು ರೂಪಾಯಿ ಖರ್ಚಿಲ್ಲ, ಆದರೆ ಬಂದವರು "ಮನೆ ಏನೋ ಹೊಸದಾಗಿ ಕಾಣ್ತಿದೆಯಲ್ಲ" ಅನ್ನುತ್ತಾರೆ.

ಇನ್ನು ಕರ್ಟನ್. ಅಂಗಡಿಯಲ್ಲಿ ರೆಡಿಮೇಡ್ ತರುವ ಮೊದಲು ಬೀರುವಿನಲ್ಲಿರುವ ಹಳೇ ಸೀರೆ ತೆಗೆದು ನೋಡಿ. ಸೀರೆ ಸುಮಾರು ಐದೂವರೆ ಮೀಟರ್ ಉದ್ದ. ಬಾಗಿಲು ಏಳಡಿ ಅಂದರೆ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಸೀರೆಯಲ್ಲಿ ಎರಡು ಪರದೆ ಆಗಿ, ಉಳಿದ ತುಂಡಿನಲ್ಲಿ ದಿಂಬಿನ ಕವರ್ ಕೂಡ ಆಗುತ್ತದೆ. ಸೆರಗಿನ ಭಾಗವನ್ನು ದಿಂಬಿಗೇ ಇಟ್ಟುಕೊಳ್ಳಿ. ಅಂಚು ಪರದೆಯ ಎರಡೂ ಪಕ್ಕ ನೇರವಾಗಿ ಇಳಿದುಬರುತ್ತದೆ, ಅದನ್ನು ನೋಡೋದೇ ಒಂದು ಚೆಂದ. ಆದರೆ ರೇಷ್ಮೆ ಸೀರೆಯನ್ನು ಬಿಸಿಲು ಬೀಳುವ ಕಿಟಕಿಗೆ ಹಾಕಬೇಡಿ. ಬಣ್ಣ ಹೋಗುತ್ತದೆ, ಎಳೆ ಜೀರ್ಣವಾಗಿ ಮುಟ್ಟಿದರೆ ಹರಿಯುತ್ತದೆ. ಅದು ಒಳಗಿನ ಬಾಗಿಲಿಗೆ, ಕಿಟಕಿಗೆ ಕಾಟನ್. ಮೊಳೆ ಇಲ್ಲದೆ ನೇತುಹಾಕಲು ಒಳಗೆ ಸ್ಪ್ರಿಂಗ್ ಇರುವ ರಾಡ್ ಸಿಗುತ್ತದೆ. ಎರಡು ಗೋಡೆಗಳ ಮಧ್ಯೆ ಬಿಗಿಯಾಗಿ ಕೂರುತ್ತದೆ, ಮನೆ ಖಾಲಿ ಮಾಡುವಾಗ ತಿರುಗಿಸಿ ತೆಗೆದರಾಯಿತು. ಹಗುರ ಬಟ್ಟೆಗೆ ಅದು ಸಾಕು, ದಪ್ಪ ಪರದೆ ಹಾಕಿದರೆ ಜಾರುತ್ತದೆ.

ಬೇಸಿಗೆಯಲ್ಲಿ ನನ್ನ ಕೆಲಸ ಬರೀ ತೆಗೆಯುವುದು. ಕಾರ್ಪೆಟ್ ಸುತ್ತಿ ಅಟ್ಟಕ್ಕೆ, ಶೋಕೇಸ್‌ನ ಅರ್ಧ ಸಾಮಾನು ಡಬ್ಬಕ್ಕೆ. ನೆಲ ಖಾಲಿ ಕಂಡರೇ ಅರ್ಧ ತಂಪು. ಪಶ್ಚಿಮದ ಕಿಟಕಿಗೆ ಬಿದಿರಿನ ತೆರೆಯನ್ನು ಹೊರಗಡೆ ಗ್ರಿಲ್‌ಗೆ ಕಟ್ಟಿ. ಒಳಗೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ತೆರೆ ತಾನೇ ಕಾದು ಕೋಣೆಗೆ ಶಾಖ ಬಿಡುತ್ತದೆ. ಗಾಳಿ ಬರುವ ಕಡೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಇಡೀ ಹಾಲ್ ಮಳೆ ಬಿದ್ದ ಮಣ್ಣಿನ ಥರ ಘಮ್ ಅನ್ನುತ್ತದೆ. ಯುಗಾದಿಗೆ ಮಾವಿನ ತೋರಣ ಹೇಗೂ ಕಟ್ಟುತ್ತೀರಿ. ಜೊತೆಗೆ ಹೊಂಗೆಯ ಒಂದು ಚಿಗುರು ಕೊಂಬೆಯನ್ನು ಹಿತ್ತಾಳೆ ಚೊಂಬಿನಲ್ಲಿ ಇಟ್ಟು ನೋಡಿ.

ಮಳೆಗಾಲಕ್ಕೆ ಅಲಂಕಾರಕ್ಕಿಂತ ತೇವದ ಚಿಂತೆ. ಚಾಪೆ, ಬಿದಿರಿನ ಸಾಮಾನು ಗೋಡೆಗೆ ಅಂಟಿಸಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ನಾಲ್ಕು ಬೆರಳು ಜಾಗ ಬಿಡಿ. ಮೋಡ ಮುಚ್ಚಿದ ದಿನ ಮನೆ ಕತ್ತಲು ಅನಿಸುತ್ತದಲ್ಲ, ಅದಕ್ಕೆ ಬಲ್ಬ್ ಬದಲಾಯಿಸಿ. ಬಲ್ಬ್ ಡಬ್ಬದ ಮೇಲೆ 2700ಕೆ ಅಥವಾ 3000ಕೆ ಅಂತಿದ್ದರೆ ದೀಪದ ಹಳದಿ ಬೆಳಕು. 6500ಕೆ ಅಂದರೆ ಆಸ್ಪತ್ರೆಯ ಬಿಳಿ. ಓದಲು, ತರಕಾರಿ ಹೆಚ್ಚಲು ಬಿಳಿ ಇರಲಿ. ಹಾಲ್‌ನಲ್ಲಿ ಸಂಜೆ ಒಂದು ಹಳದಿ ಬಲ್ಬ್, ಅದೂ ಸೀಲಿಂಗ್‌ನಲ್ಲಲ್ಲ, ಕೂತವರ ಭುಜದ ಎತ್ತರದಲ್ಲಿ. ನಿಮ್ಮ ಹತ್ತಿರ ಒಂದೇ ಒಂದು ವಸ್ತುವಿಗೆ ದುಡ್ಡಿದೆ ಅಂದರೆ ನಾನು ಇದನ್ನೇ ಹೇಳುವುದು.

ಹೂವಿನ ಬಗ್ಗೆ ಒಂದು ಮಾತು. ನಮ್ಮದು ಹೂ ಬೆಳೆಯುವ ಜಿಲ್ಲೆ, ಸೇವಂತಿಗೆ, ಗುಲಾಬಿ, ಚೆಂಡು ಹೂ ಎಲ್ಲ ಇಲ್ಲೇ ಸಿಗುತ್ತದೆ. ವರಮಹಾಲಕ್ಷ್ಮಿ, ಆಯುಧಪೂಜೆ ಹಿಂದಿನ ದಿನ ಬೆಲೆ ಕೇಳಿದರೆ ವಾಪಸ್ ಬರಬೇಕಾಗುತ್ತದೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲದೆ ಬೆಲೆ ಕುಸಿಯುತ್ತದೆ, ಪಿತೃಪಕ್ಷದಲ್ಲೂ ಅಷ್ಟೇ. ಕೂಲಿಯೂ ಹುಟ್ಟದೆ ರೈತರು ಹೂವನ್ನು ಸುರಿದು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆಗ ಕೊಳ್ಳಿ. ದೊಡ್ಡ ಬೋಗುಣಿಯಲ್ಲಿ ನೀರು ಹಾಕಿ ಹೂ ತೇಲಿಬಿಟ್ಟು ಟೀಪಾಯ್ ಮೇಲಿಡಿ. ಹಬ್ಬವೇ ಬೇಕು ಅಂತೇನಿಲ್ಲ. ನೀರು ಮಾತ್ರ ದಿನಾ ಬದಲಾಯಿಸಿ, ಸೊಳ್ಳೆ ಬರುತ್ತದೆ.

ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು. ಕಾಂಡ ಸಮೇತ ಒಂದು ಹಿಡಿ ತೆನೆ ಕೇಳಿ ತನ್ನಿ, ಯಾರೂ ಇಲ್ಲ ಅನ್ನುವುದಿಲ್ಲ. ನಾಲ್ಕು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಮಣ್ಣಿನ ಹೂಜಿಯಲ್ಲಿ ನಿಲ್ಲಿಸಿ. ಹೂಜಿಗೆ ಕೆಮ್ಮಣ್ಣು ಬಳಿದು ಕುತ್ತಿಗೆ ಸುತ್ತ ಸುಣ್ಣದಲ್ಲಿ ಎರಡು ಎಳೆ ಎಳೆದರೆ ಸಾಕು. ಬೆರಳು ಮಡಿಸಿದ ಹಾಗೆ ಇರುವ ಆ ಕಂದು ತೆನೆಗಳು ಹಳದಿ ಬೆಳಕಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತವೆ ಗೊತ್ತಾ! ಸಂಕ್ರಾಂತಿ ತನಕ ಇರುತ್ತವೆ. ಆಮೇಲೆ ಗುಬ್ಬಿಗೆ ಹಾಕಿ.

ಈಗ ನನಗೆ ತುಂಬ ಇಷ್ಟದ ವಸ್ತುವಿಗೆ ಬರುತ್ತೇನೆ: ಚಂದ್ರಂಕಿ. ನೀವು ಬೇರೆ ಕಡೆಯವರಾದರೆ ನೋಡಿರಲಿಕ್ಕಿಲ್ಲ. ಚಂದ್ರಿಕೆ ಅಂತಲೂ ಅನ್ನುತ್ತಾರೆ. ರೇಷ್ಮೆ ಹುಳು ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾದಾಗ, ಅದನ್ನು ಬಿಡುವ ಬಿದಿರಿನ ತಟ್ಟಿ ಇದು. ಆರಡಿ ಉದ್ದ, ನಾಲ್ಕಡಿ ಅಗಲದ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ನಿಲ್ಲಿಸಿ, ನಡುವಿನಿಂದ ಸುತ್ತುತ್ತಾ ಸುತ್ತುತ್ತಾ ಅಂಚಿನ ತನಕ ತಂದು ಹೊಲಿದಿರುತ್ತಾರೆ. ಆ ಸುರುಳಿಯ ಸಂದುಗಳಲ್ಲಿ ಹುಳು ಗೂಡು ಕಟ್ಟುತ್ತದೆ. ಈಗ ಇದೇ ಕೆಲಸಕ್ಕೆ ನೇತ್ರಿಕೆ ಅನ್ನುವ ಪ್ಲಾಸ್ಟಿಕ್ ತಟ್ಟಿ ಬಂದ ಮೇಲೆ ಹಳೇ ಚಂದ್ರಂಕಿಗಳು ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಸೂರಿಗೆ ಒರಗಿಕೊಂಡಿವೆ.

ಅಪ್ಪನ ಮನೆಯಿಂದ ಒಂದನ್ನು ತಂದು ಹಾಲ್‌ನ ಖಾಲಿ ಗೋಡೆಗೆ ಸುಮ್ನೆ ಒರಗಿಸಿದೆ. ಮೊಳೆ ಬೇಡ, ಅಳತೆಯೇ ಅಷ್ಟು ದೊಡ್ಡದು. ಪಕ್ಕದಲ್ಲಿ ನೆಲದ ಮೇಲೆ ಒಂದು ಹಳದಿ ದೀಪ ಇಟ್ಟೆ. ಪ್ರತಿ ಸುತ್ತಿನ ನೆರಳೂ ಮುಂದಿನ ಸುತ್ತಿನ ಮೇಲೆ ಬಿದ್ದು, ನೀರಿಗೆ ಕಲ್ಲು ಹಾಕಿದಾಗ ಅಲೆ ಏಳುತ್ತದಲ್ಲ ಹಾಗೆ ಕಂಡಿತು. ಹತ್ತಿರ ಹೋದರೆ ಬಿದಿರಿನಲ್ಲಿ ಅಲ್ಲಲ್ಲಿ ಹಳೇ ರೇಷ್ಮೆಯ ಎಳೆ ಇನ್ನೂ ಅಂಟಿಕೊಂಡಿತ್ತು. ನಾನು ಅದನ್ನು ಒರೆಸಲಿಲ್ಲ. ಎಷ್ಟು ಬೆಳೆ ಈ ತಟ್ಟಿಯ ಮೇಲೆ ಆಯಿತೋ, ನಮ್ಮ ಸ್ಕೂಲ್ ಫೀಸ್ ಅದರಲ್ಲೇ ಬಂದಿದ್ದು.

ಕಾಲಕ್ಕೆ ತಕ್ಕಂತೆ ಬದಲಾಯಿಸಲು ಇದಕ್ಕಿಂತ ಒಳ್ಳೆಯ ಗೋಡೆ ಇಲ್ಲ. ಯುಗಾದಿಗೆ ಸಂದುಗಳಲ್ಲಿ ಮಾವಿನೆಲೆ, ದಸರೆಗೆ ಚೆಂಡು ಹೂ, ಕಾರ್ತಿಕದಲ್ಲಿ ಪುಟ್ಟ ಸೀರಿಯಲ್ ಸೆಟ್. ಹಣತೆಯನ್ನು ಮಾತ್ರ ಹತ್ತಿರಕ್ಕೂ ತರಬೇಡಿ, ಒಣ ಬಿದಿರು ಬೇಗ ಹೊತ್ತಿಕೊಳ್ಳುತ್ತದೆ.

ಒಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಚೆಂದ ಕಾಣಲಿ ಅಂತ ರೇಷ್ಮೆಗೂಡುಗಳನ್ನು ಹಾಗೇ ದಾರಕ್ಕೆ ಪೋಣಿಸಿ ಚಂದ್ರಂಕಿಗೆ ಇಳಿಬಿಟ್ಟೆ. ಒಳಗೆ ಪ್ಯೂಪಾ, ಅಂದರೆ ಇನ್ನೂ ಚಿಟ್ಟೆಯಾಗದ ಹುಳು, ಇದೆ ಅನ್ನುವುದು ತಲೆಗೇ ಹೋಗಲಿಲ್ಲ. ಕೆಲವೇ ದಿನಕ್ಕೆ ವಾಸನೆ, ಗೋಡೆ ಉದ್ದಕ್ಕೂ ಇರುವೆ ಸಾಲು, ಆಮೇಲೆ ಸಣ್ಣ ಕಪ್ಪು ಜೀರುಂಡೆಗಳು. ಎಲ್ಲ ಬಿಚ್ಚಿ ಎಸೆಯಬೇಕಾಯಿತು. ಅಮ್ಮ ಬಂದವರು, "ಚಿಟ್ಟೆ ತೂತು ಮಾಡಿಕೊಂಡು ಹೋದ ಗೂಡು ತಗೋಬೇಕಿತ್ತು ಕಣಮ್ಮಾ, ಖಾಲಿ ಇರುತ್ತಲ್ಲ" ಅಂದರು. ಬಿತ್ತನೆಗೆ, ಅಂದರೆ ಮೊಟ್ಟೆಗಾಗಿ, ಇಟ್ಟ ಗೂಡುಗಳಿಂದ ಚಿಟ್ಟೆ ಹೊರಬಂದ ಮೇಲೆ ಆ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ಸನ್ಮಾನಕ್ಕೆ ಹಾಕುವ ಗೂಡಿನ ಹಾರ ನೋಡಿದ್ದೀರಲ್ಲ, ಅಂಥವಕ್ಕೆ ಹೇಳಿಮಾಡಿಸಿದ ಗೂಡು ಅದು. ಕತ್ತರಿಯಿಂದ ಕತ್ತರಿಸಿ, ಒಳಗಿನ ಸಿಪ್ಪೆ ಒದರಿ, ದಳದ ಹಾಗೆ ಬಿಡಿಸಿದರೆ ಹೂವಾಗುತ್ತದೆ. ಬಣ್ಣವೂ ಬೇಡ. ದ್ವಿತಳಿ ಅನ್ನುವ ಜಾತಿಯ ಹುಳುವಿನ ಗೂಡು ಹಾಲಿನಂತೆ ಬಿಳಿ, ಮಿಶ್ರತಳಿ ಅನ್ನುವ ಜಾತಿಯದು ತೆಳು ಹಳದಿ. ಎರಡನ್ನೂ ಬೆರೆಸಿ ಕಟ್ಟಿ.

ಚಂದ್ರಂಕಿ ಬೇಕಿದ್ದರೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಹುಳು ಸಾಕುವವರನ್ನು ಕೇಳಿ. ಪುಕ್ಕಟೆ ಕೊಟ್ಟರೂ ಏನಾದರೂ ಕೊಟ್ಟೇ ಬನ್ನಿ. ತರುವ ಮೊದಲು ಬಿದಿರನ್ನು ಕೈಯಿಂದ ತಟ್ಟಿ ನೋಡಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು ಹೊಡೆದಿದೆ, ಬಿಟ್ಟುಬಿಡಿ. ಚೆನ್ನಾಗಿರುವುದನ್ನು ತೊಳೆದು, ಎರಡು ದಿನ ಸುಡು ಬಿಸಿಲಿಗೆ ಹಾಕಿ, ಬೇವಿನೆಣ್ಣೆ ಸವರಿ ಒಳಗೆ ತನ್ನಿ. ಬಸ್ಸಿನಲ್ಲಿ ತರಲು ಆಗುವುದಿಲ್ಲ, ಟೆಂಪೋ ಅಥವಾ ಲಗೇಜ್ ಆಟೋದವರ ಜೊತೆ ಮೊದಲೇ ಮಾತಾಡಿಕೊಂಡು ಹೋಗಿ.