ವರ್ಷಕ್ಕೊಂದು ಸಹಿಗೆ ಟೋಕನ್ ಬೇಕಾ?

ನೀವು ಕೇಳಿದ್ದು ಇಷ್ಟು: ಕೆಲಸ ಕುವೈತಿನಲ್ಲಿ, ಮಣಿಪಾಲದ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೀರಿ, 11 ತಿಂಗಳಿಗೊಮ್ಮೆ ಕರಾರು ಪತ್ರಕ್ಕೆ ಸಹಿ ಹಾಕಬೇಕು. ಇದಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಅಂದರೆ ಕಂಪ್ಯೂಟರಿನಲ್ಲಿ ಸಹಿ ಹಾಕುವ ಗುಪ್ತ ಕೀಲಿಯನ್ನು ಒಳಗಿಟ್ಟುಕೊಂಡ ಪೆನ್‌ಡ್ರೈವ್‌ನಂಥ ಸಾಧನ, ಮಾಡಿಸಬೇಕಾ ಅಂತ.

ಬೇಡ ಮಾರಾಯ್ರೆ. ದುಡ್ಡು ದಂಡ. ಅದಕ್ಕಿಂತ ಹೆಚ್ಚಾಗಿ, ಬಳಸದೆ ಸುಮ್ನೆ ಬಿದ್ದಿರುವ ಟೋಕನ್ ಅಪಾಯ.

ಕೆಲವು ವರ್ಷಗಳ ಹಿಂದೆ ಸಣ್ಣಪುಟ್ಟ ಕಾಮಗಾರಿಗಳಿಗೆ ಇ-ಟೆಂಡರ್ ಹಾಕಲು ನಾನೂ ಎರಡು ವರ್ಷದ ಟೋಕನ್ ಮಾಡಿಸಿದ್ದೆ. ಎರಡು ಟೆಂಡರ್ ಹಾಕಿದೆ, ಎರಡೂ ಸಿಗಲಿಲ್ಲ, ಉಮೇದು ಅಲ್ಲಿಗೆ ಇಳಿಯಿತು. ಟೋಕನ್ ಮಾತ್ರ ಹಂಪನಕಟ್ಟೆ ಹತ್ತಿರ ಅರ್ಜಿ ತುಂಬಿಸಿಕೊಡುವ ಒಂದು ಆಫೀಸಿನಲ್ಲೇ ಉಳಿಯಿತು. ಎಂಟು ತಿಂಗಳ ನಂತರ ನೆನಪಾಗಿ ಹೋದೆ. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಿನಿಂದ ನನ್ನದನ್ನು ಹುಡುಕಿ ಕೊಟ್ಟ ಹುಡುಗ, "ಪಾಸ್‌ವರ್ಡ್ ಮಗಳ ಹೆಸರಲ್ವಾ ಸರ್" ಅಂದ. ಪಾಪ, ಒಳ್ಳೆಯ ಹುಡುಗನೇ. ಆದರೆ ಆ ಎಂಟು ತಿಂಗಳು ಅಲ್ಲಿದ್ದ ಯಾರು ಬೇಕಾದರೂ ನನ್ನ ಹೆಸರಿನಲ್ಲಿ ಸಹಿ ಹಾಕಬಹುದಿತ್ತು. ಅದು ನನ್ನ ಸಹಿ ಅಲ್ಲ ಅಂತ ಸಾಧಿಸುವ ತಲೆನೋವು ಆಮೇಲೆ ನನ್ನದೇ.

ನಿಮಗೆ ಆಧಾರ್ ಇ-ಸೈನ್ ಸಾಕು, ಅಂದರೆ ಆಧಾರ್ ಒಟಿಪಿ ಹಾಕಿ ಆನ್‌ಲೈನ್‌ನಲ್ಲೇ ಮಾಡುವ ಸಹಿ. 2015ರಿಂದ ಇದೆ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಮಾನ್ಯತೆಯೂ ಇದೆ. ನೀವು ಒಟಿಪಿ ಹಾಕಿದ ಕೂಡಲೇ ನಿಮ್ಮ ಹೆಸರಿಗೊಂದು ಗುಪ್ತ ಕೀಲಿ ಹುಟ್ಟುತ್ತದೆ. ಅದರಿಂದ ಸಹಿ ಬೀಳುತ್ತದೆ, ಆಮೇಲೆ ಕೀಲಿಯನ್ನು ಅಳಿಸಿಬಿಡುತ್ತಾರೆ. ಆ ಕೀಲಿ ನಿಮ್ಮದೇ ಅಂತ ಹೇಳುವ ಸರ್ಟಿಫಿಕೇಟ್ ಜೊತೆಗೆ ಸಿಗುತ್ತದೆ, ಅದರ ಅವಧಿ 30 ನಿಮಿಷ. ಹಾಗಾದರೆ ಮರುದಿನ ಸಹಿಗೆ ಬೆಲೆ ಇಲ್ವಾ? ಇದೆ. ಸಹಿ ಬಿದ್ದ ಹೊತ್ತಿಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತಾ ಅನ್ನುವುದಷ್ಟೇ ಲೆಕ್ಕ. ನಮ್ಮಂಥ ಅಪರೂಪದ ಗಿರಾಕಿಗಳಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಕಾಯುವ ವಸ್ತುವೇ ಇಲ್ಲದ ಮೇಲೆ ಕಳೆದುಹೋಗುವ ಭಯ ಎಲ್ಲಿಂದ?

ಸಹಿ ಮಾಡಿಕೊಡುವ ಸಂಸ್ಥೆಗೆ ನಿಮ್ಮ ಕರಾರು ಪತ್ರ ಹೋಗುವುದಿಲ್ಲ. ಆ ಪತ್ರದಿಂದ ಲೆಕ್ಕಹಾಕಿ ತೆಗೆದ, ಅದರ ಗುರುತಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ. ಆದರೆ ಪಿಡಿಎಫ್ ಅಪ್‌ಲೋಡ್ ಮಾಡುವ ವೆಬ್‌ಸೈಟ್‌ಗೆ ಪೂರ್ತಿ ಕಾಗದ ಸಿಗುತ್ತದೆ, ಅದನ್ನು ನೋಡಿ ಆರಿಸಿ.

ನಿಮ್ಮ ನಿಜವಾದ ತೊಡಕು ಸಿಮ್. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ಊರಿನಲ್ಲಿ ಅಮ್ಮನ ಕಪಾಟಿನಲ್ಲಿದ್ದರೆ ಕುವೈತಿನಲ್ಲಿ ಕೂತು ಏನೂ ಆಗದು. ರೀಚಾರ್ಜ್ ಇಲ್ಲದೆ ನಂಬರ್ ಬಂದ್ ಆದರೆ ಇನ್ನೂ ಕಷ್ಟ, ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಸಿಮ್ ಜೊತೆಯಲ್ಲೇ ಇಟ್ಟುಕೊಳ್ಳಿ, ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುವಂತೆ ಮಾಡಿಸಿ. ಮತ್ತೆ, ಬ್ರೋಕರ್ ಎಷ್ಟೇ ಪರಿಚಯದವರಾಗಿರಲಿ, "ಒಟಿಪಿ ಬಂತಲ್ವಾ, ಸ್ವಲ್ಪ ಹೇಳಿ" ಅಂದರೆ ಹೇಳಬೇಡಿ. ಹೇಳಿದರೆ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟ ಹಾಗೆ.

ಸಹಿಯಾದ ಪಿಡಿಎಫ್ ಫೈಲೇ ಅಸಲು. ಪ್ರಿಂಟ್ ತೆಗೆದರೆ ಸಹಿ ಬರೀ ಚಿತ್ರ. ಫೈಲನ್ನು ತಿದ್ದಿದರೆ, ಬೇರೆ ಪುಟಗಳ ಜೊತೆ ಸೇರಿಸಿದರೆ ಸಹಿ ಕೆಡುತ್ತದೆ. ಪಿಡಿಎಫ್ ಓದುವ ಅಡೋಬಿಯಲ್ಲಿ ತೆರೆದಾಗ ಹಳದಿ ಪ್ರಶ್ನೆ ಚಿಹ್ನೆ ಕಂಡರೆ ಗಾಬರಿ ಬೇಡ. ಇಂಥ ಸರ್ಟಿಫಿಕೇಟ್‌ಗಳಿಗೆಲ್ಲ ಆಧಾರವಾದ ನಮ್ಮ ದೇಶದ ಮೂಲ ಸರ್ಟಿಫಿಕೇಟ್ ಅದಕ್ಕೆ ಪರಿಚಯವಿಲ್ಲ ಅಂತ ಅರ್ಥ. ಅದನ್ನು ಅಡೋಬಿಯ ನಂಬಿಕೆಯ ಪಟ್ಟಿಗೆ ಒಮ್ಮೆ ಸೇರಿಸಿದರೆ ಹಸಿರು ಟಿಕ್ ಬರುತ್ತದೆ.

ಇ-ಸ್ಟ್ಯಾಂಪಿನ (ಛಾಪಾ ಕಾಗದದ ಬದಲಿನ ಶುಲ್ಕದ) ದುಡ್ಡು ಬೇರೆಯೇ ಕಟ್ಟಬೇಕು. ಇ-ಸೈನ್ ಆಯಿತು ಅಂತ ಅದು ತಪ್ಪುವುದಿಲ್ಲ. ಹಾಗೆಯೇ ಫ್ಲ್ಯಾಟಿನ ಉಯಿಲನ್ನೂ ಹೀಗೇ ಮಾಡಿಬಿಡುವ ಅಂತ ಹೊರಡಬೇಡಿ. ಅದಕ್ಕೆ ಈಗಲೂ ಕಾಗದ, ಪೆನ್ನು, ಇಬ್ಬರು ಸಾಕ್ಷಿಗಳು ಬೇಕು.