ಹಲಸಿನ ಮರದ ಮೇಲಿನ ನೆಟ್‌ವರ್ಕ್

ಪ್ರಿಯ ಮಿತ್ರರೇ,

ಮಡಿಕೇರಿ ಬಳಿಯ ಹೋಂಸ್ಟೇಯಲ್ಲಿ ನಡೆಯುವ ನಿಮ್ಮ ಹಾಸ್ಯ ಧಾರಾವಾಹಿಯ ಮೊದಲ ಕಂತು ಓದಿದೆ. ಮಾತಿಗೆ ಊರಿನ ಸೊಗಡಿದೆ, ಅಡುಗೆಯಾಕೆಯ ಪಾತ್ರ ಚೆನ್ನಾಗಿದೆ. ಆದರೆ ನಾಲ್ಕನೇ ಪುಟ ನೋಡಿ ರೇಗಿಹೋಯಿತು. ಅಷ್ಟು ಒಳ್ಳೆಯ ನಗೆಯನ್ನು ಕೈಯಾರೆ ಹಾಳುಮಾಡಿಕೊಂಡಿದ್ದೀರಿ.

ಬೆಂಗಳೂರಿನ ಅತಿಥಿ: ‘ಇಲ್ಲಿ ನೆಟ್‌ವರ್ಕ್ ಸಿಗುತ್ತಾ?’
ಮಾಲೀಕ: ‘ಆ ಹಲಸಿನ ಮರ ಹತ್ತಿದ್ರೆ ಸಿಗುತ್ತೆ, ಆದ್ರೆ ಆನೆ ಬರೋ ಹೊತ್ತಲ್ಲಿ ಹುಷಾರಾಗಿರಿ ಅಂತ ಹೇಳ್ತಿದ್ದೀನಿ.’
ಅತಿಥಿ: ‘ಅಯ್ಯೋ, ನೆಟ್‌ವರ್ಕ್‌ಗೋಸ್ಕರ ಪ್ರಾಣ ಕಳ್ಕೋಬೇಕಾ!’

ಮೊದಲ ಸಾಲು ಇರಲಿ. ಎರಡನೆಯದರಲ್ಲಿ ಮರ, ನೆಟ್‌ವರ್ಕ್, ಆನೆ ಮೂರನ್ನೂ ಒಂದೇ ಉಸಿರಿಗೆ ತುರುಕಿದ್ದೀರಿ. ನಗಿಸಬೇಕಾದ ಆನೆಯ ಹಿಂದೆ ‘ಅಂತ ಹೇಳ್ತಿದ್ದೀನಿ’ ಎಂಬ ಬಾಲ ಬೇರೆ. ಆ ಬಾಲ ಮುಗಿಯುವಷ್ಟರಲ್ಲಿ ನಗು ಆರಿರುತ್ತದೆ. ಮೂರನೆಯದು ನಗೆಗೆ ಬರೆದ ಟಿಪ್ಪಣಿ, ಹೊಡೆದುಹಾಕಿ. (ಕಲಿಯುವ ದಿನಗಳಲ್ಲಿ ನಾನೂ ಇಂಥ ಮೂರನೇ ಸಾಲುಗಳನ್ನು ಧಾರಾಳವಾಗಿ ಬರೆದವನೇ, ಕೆಂಪು ಶಾಯಿ ಬಿಡಿಸಿತು.) ಹೀಗೆ ಮಾಡಿ:

‘ಸಿಗುತ್ತೆ ಸಾರ್, ಆ ಹಲಸಿನ ಮರದ ಮೇಲೆ.’
‘ಅಷ್ಟೆತ್ತರ ಹತ್ತೋದು ಹೇಗ್ರೀ?’
‘ಆನೆ ಬಂದ್ರೆ ಹತ್ತುತ್ತೀರಿ.’

ಈಗ ಕೊನೆಯ ಕ್ರಿಯಾಪದವೇ ನಗಿಸುತ್ತದೆ. ಹಲಸು ಹಣ್ಣಾದಾಗ ತೋಟಕ್ಕೆ ಆನೆ ಬರುವುದು ಕೊಡಗಿನವರಿಗೆ ಗೊತ್ತು. ಹೊರಗಿನವರಿಗಾಗಿ ಎರಡು ದೃಶ್ಯ ಹಿಂದೆಯೇ ಅಡುಗೆಯಾಕೆಯಿಂದ ‘ನಿನ್ನೆ ರಾತ್ರಿ ಬಂದು ಹಣ್ಣೆಲ್ಲ ತಿಂದುಹೋಯ್ತು’ ಅನ್ನಿಸಿಬಿಡಿ. ಬಂದದ್ದು ಏನು ಎಂಬುದನ್ನು ಮಾತ್ರ ಬಚ್ಚಿಡಿ.

ಮುಂದೆ ನಿರ್ಮಾಪಕರೂ ಆಗುವಾಸೆ ಎಂದು ಬರೆದಿದ್ದೀರಿ. ಹಾಗಿದ್ದರೆ ಲೆಕ್ಕ ಹಾಕಿ. ಅರ್ಧ ಗಂಟೆಯಲ್ಲಿ ಜಾಹೀರಾತು, ಶೀರ್ಷಿಕೆ ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಪುಟಕ್ಕೊಂದು ನಿಮಿಷ ಹಿಡಿದರೂ ನಿಮ್ಮ 38 ಪುಟ ಒಂದೂವರೆ ಕಂತು ದಾಟುತ್ತದೆ. ಚಿತ್ರೀಕರಣಕ್ಕೆ ನೀವು ಬರೆದ ಒಂಬತ್ತು ಜಾಗಗಳೂ ಬೇಡ, ಜಗಲಿ ಮತ್ತು ಅಡುಗೆಮನೆ ಸಾಕು. ಬರಹಗಾರನಾಗಿದ್ದು ನಿರ್ಮಾಪಕನಾದ ಅಮೆರಿಕದ ನಾರ್ಮನ್ ಲಿಯರ್ 1971ರಲ್ಲಿ ಆರಂಭಿಸಿದ ಧಾರಾವಾಹಿ ಬಹುಪಾಲು ಒಂದೇ ಹಜಾರದಲ್ಲಿ ನಡೆಯಿತು.

ಇನ್ನು ಏಳನೇ ದೃಶ್ಯ: ‘ರಾತ್ರಿ. ಜಡಿಮಳೆ. ಆನೆ ಅಂಗಳಕ್ಕೆ ನುಗ್ಗುತ್ತದೆ.’ ಆನೆಯನ್ನು ಕ್ಯಾಮೆರಾ ಮುಂದೆ ತರಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ತಗಡಿನ ಮಾಡಿನ ಮೇಲೆ ಜುಲೈ ಮಳೆ ಸುರಿಯುವಾಗ ಸ್ಥಳದಲ್ಲೇ ಹಿಡಿದ ಧ್ವನಿ ಕೆಲಸಕ್ಕೆ ಬಾರದು. ಡಬ್ಬಿಂಗ್ ಮಾಡಿಸಿದರೆ ‘ಹತ್ತುತ್ತೀರಿ’ಗೆ ಮುಂಚಿನ ಆ ಅರೆಗಳಿಗೆಯ ಮೌನ ಮತ್ತೆ ಕೂಡಿಬರುವುದು ಕಷ್ಟ. ಮಳೆ ತೆಗೆಯಿರಿ. ಆನೆ ಕೇಳಿಸಲಿ, ಕಾಣಿಸುವುದು ಬೇಡ. ನಾಯಿ ಬೊಗಳಿ ಥಟ್ಟನೆ ಸುಮ್ಮನಾಗುತ್ತದೆ. ಕೊಂಬೆ ಮುರಿದ ಸದ್ದು. ಮರದ ಬುಡದಲ್ಲಿ ಅತಿಥಿಯ ಒಂಟಿ ಚಪ್ಪಲಿ. ಮೇಲಿನಿಂದ ದನಿ: ‘ಹಲೋ, ಈಗ ಕೇಳಿಸ್ತಿದೆಯಾ?’